ಪದ್ಮಿನಿ ಅಪ್‌ಡೇಟ್: ಅರ್ಧ ಟ್ಯಾಂಕಿನ ಕಾಯಿಲೆ ಕೊನೆಗೂ ಸಿಕ್ಕಿತು

ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಟ್ಯಾಂಕ್ ಅರ್ಧ ಆದಮೇಲೆ ಏರಿನಲ್ಲಿ ನಿಂತುಬಿಡುತ್ತಿತ್ತು. ಕಾರಣ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಅಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಅಲ್ಲ. ಎಲ್ಲರೂ ಆಣೆ ಮಾಡಿ ಹೇಳಿದ ವೇಪರ್ ಲಾಕ್ (ಬಿಸಿಗೆ ಪೈಪಿನ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು) ಕೂಡ ಅಲ್ಲ. ಟ್ಯಾಂಕ್ ಒಳಗೆ ತಳದಿಂದ ಪೆಟ್ರೋಲ್ ಎಳೆಯುವ ಪಿಕಪ್ ಪೈಪಿನಲ್ಲಿ ಒಂದು ತೂತು. ಸೂಜಿ ಕೂಡ ಸರಿಯಾಗಿ ತೂರದಷ್ಟು ಸಣ್ಣದು. ಇಷ್ಟು ದಿನ ನನ್ನನ್ನು ಗೋಳು ಹೊಯ್ದುಕೊಂಡದ್ದು ಅದೇ.

ಪಂಪ್ ಬಿಚ್ಚಿ ಒಳಗಿನ ಪೊರೆ (ಡಯಾಫ್ರಮ್) ಬದಲಿಸಿದ್ದು, ಸೋಲೆಕ್ಸ್ ಕಾರ್ಬೊರೇಟರಿನ ಪೆಟ್ರೋಲ್ ತೂತುಗಳಾದ ಜೆಟ್‌ಗಳನ್ನು ಊದಿದ್ದು, ಅದರೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಲೆವೆಲ್ ನೋಡಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಪಂಪಿನ ಕೆಳಗಿನ ತೂತಿನಲ್ಲಿ ಒಂದು ಹನಿ ಪೆಟ್ರೋಲ್ ಇರಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಇಂಜಿನ್ ಆಯಿಲ್ ಮಟ್ಟ ಏರಿರಲಿಲ್ಲ, ಪೆಟ್ರೋಲ್ ವಾಸನೆಯೂ ಇರಲಿಲ್ಲ. ಅಂದರೆ ಡಯಾಫ್ರಮ್ ಹರಿದಿಲ್ಲ, ಪೆಟ್ರೋಲ್ ಸೋರಿಲ್ಲ. ಪಂಪಿಗೂ ಕಾರ್ಬೊರೇಟರಿಗೂ ನಡುವೆ ಟಿ ಆಕಾರದ ಪೈಪ್ ತುಂಡು ಹಾಕಿ ಪ್ರೆಶರ್ ಗೇಜ್ ಕೂರಿಸಿದರೆ ಐಡ್ಲಿಂಗ್‌ನಲ್ಲಿ 3 ಪಿಎಸ್‌ಐ ಸುತ್ತ ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಏರು ಹತ್ತಿ ಸ್ವಲ್ಪ ದೂರ ಹೋದರೆ ಸಾಕು, ಗಾಡಿ ಜರ್ಕ್ ಹೊಡೆಯುತ್ತಿತ್ತು. ಆಮೇಲೆ ಮಿಸ್ಸಿಂಗ್, ಆಮೇಲೆ ಮೌನವ್ರತ. ರಸ್ತೆ ಪಕ್ಕ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್.

ಇದನ್ನು ಕೇಳಿದ ಯಾರಾದರೂ ವೇಪರ್ ಲಾಕ್ ಅಂತಲೇ ಹೇಳುತ್ತಾರೆ. ಹೇಳಿದರು ಕೂಡ. "ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸಾರ್, ಅಷ್ಟೇ" ಅಂದರು ನಮ್ಮ ಮೇಸ್ತ್ರಿ. ಹಾಕಿದೆ. ಗಾಡಿ ನಿಂತಿತು. ಬಟ್ಟೆ ಮಾತ್ರ ಚೆನ್ನಾಗಿ ಒಣಗಿತು.

ಇಲ್ಲಿ ಒಂದು ಮೋಸ ಇದೆ ನೋಡಿ. ದೂರ ಹೊರಡುವಾಗ ನಾವೆಲ್ಲ ಏನು ಮಾಡುತ್ತೇವೆ? ಬಂಕಿಗೆ ಹೋಗಿ ಫುಲ್ ಮಾಡಿಸುತ್ತೇವೆ. ಇಂಜಿನ್ ಚೆನ್ನಾಗಿ ಕಾದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಟ್ಯಾಂಕೂ ಅರ್ಧ ಆಗಿರುತ್ತದೆ. ಬಿಸಿ ಮತ್ತು ಅರ್ಧ ಟ್ಯಾಂಕ್ ಎರಡೂ ಯಾವಾಗಲೂ ಜೊತೆಯಲ್ಲೇ ಬರುತ್ತವೆ. ತಪ್ಪು ಬಿಸಿಯದು ಅಂತ ಎಲ್ಲರೂ ತೀರ್ಪು ಕೊಡುತ್ತಾರೆ, ಯಾಕೆಂದರೆ ಬಿಸಿ ಕೈಗೆ ತಾಗುತ್ತದೆ, ಟ್ಯಾಂಕ್ ಒಳಗೆ ಯಾರು ಇಣುಕುತ್ತಾರೆ?

ಇವೆರಡನ್ನೂ ಬೇರೆ ಮಾಡಬೇಕಿತ್ತು. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಉಳಿಸಿ, ಚಳಿಯ ಬೆಳಗ್ಗೆ, ಸೂರ್ಯ ಹುಟ್ಟುವ ಮುಂಚೆ ನಂದಿ ಬೆಟ್ಟದ ಕಡೆ ಬಿಟ್ಟೆ. ಬಾನೆಟ್ ಇನ್ನೂ ಬೆಚ್ಚಗಾಗಿರಲಿಲ್ಲ, ಏರಿನ ಶುರುವಿನಲ್ಲೇ ಜರ್ಕ್. ಗೇಜ್ ಮುಳ್ಳು 1ಕ್ಕಿಂತ ಕೆಳಗೆ. ಖುಷಿಯಾಯಿತು! ಗಾಡಿ ಕೆಟ್ಟು ನಿಂತಾಗ ನಗುವವನನ್ನು ನೋಡಿ ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ ಸವಾರರು ಏನೆಂದುಕೊಂಡರೋ.

ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಬದಲಾವಣೆ ಇಲ್ಲ. ಹಾಗಾಗಿ ಟ್ಯಾಂಕಿನ ಗಾಳಿ ತೂತು ಕಟ್ಟಿಕೊಂಡಿಲ್ಲ. ಮನೆಗೆ ಬಂದು ಬಾಟಲಿ ಟೆಸ್ಟ್. ಪಂಪಿಗೆ ಬರುವ ಟ್ಯಾಂಕಿನ ಪೈಪ್ ಬಿಚ್ಚಿ, ನೇರ ಒಂದು ಬಾಟಲಿಯಿಂದ ಪೆಟ್ರೋಲ್ ಕೊಟ್ಟೆ. ಬಾಟಲಿಯನ್ನು ಪಂಪಿಗಿಂತ ಕೆಳಗೆ ಇಡಬೇಕು, ಮೇಲಿಟ್ಟರೆ ಪೆಟ್ರೋಲ್ ತಾನೇ ಇಳಿದು ಬಂದು ಪಂಪಿನ ಮಾನ ಕಾಪಾಡಿಬಿಡುತ್ತದೆ. ಇಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್ ವೈರ್ ತೆಗೆದು ಸೆಲ್ಫ್ ಹೊಡೆದರೆ ಆಚೆ ಕಡೆ ಡಬ್ಬಿಗೆ ಪೆಟ್ರೋಲ್ ಠೀವಿಯಿಂದ ಚಿಮ್ಮಿತು. ಅದೇ ಪಂಪಿಗೆ ಮತ್ತೆ ಟ್ಯಾಂಕಿನ ಪೈಪ್ ಕೊಟ್ಟೆ, ಮಧ್ಯೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ. ಗುಳ್ಳೆಗಳ ಮೆರವಣಿಗೆ!

ಪಂಪಿನಿಂದ ಮುಂದಕ್ಕೆ ಲೀಕ್ ಇದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುತ್ತದೆ, ವಾಸನೆ ಬರುತ್ತದೆ, ಹೆಂಡತಿ ಬೈಯುತ್ತಾಳೆ, ಗೊತ್ತಾಗಿಬಿಡುತ್ತದೆ. ಪಂಪಿನಿಂದ ಹಿಂದಕ್ಕೆ ಲೀಕ್ ಇದ್ದರೆ ಹಾಗಲ್ಲ. ಅಲ್ಲಿ ಎಳೆತ. ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲ ಒಣ, ವಾಸನೆ ಇಲ್ಲ. ಡಿಕ್ಕಿಯಿಂದ ಪಂಪಿನವರೆಗೆ ಒಂದೊಂದೇ ತುಂಡು ಬದಲಿಸಿ ನೋಡಿದೆ. ಗುಳ್ಳೆ ನಿಲ್ಲಲಿಲ್ಲ. ಉಳಿದದ್ದು ಟ್ಯಾಂಕ್ ಒಂದೇ. ಪಿಕಪ್ ಪೈಪ್ ಹೊರಗೆ ತೆಗೆದು, ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಅದ್ದಿ ಊದಿದೆ. ಸರಿಯಾಗಿ ನಡುಮಧ್ಯದಿಂದ ಗುಳ್ಳೆ.

ಎಳನೀರಿನ ಸ್ಟ್ರಾ ನಡುವೆ ತೂತಾದರೆ ಏನಾಗುತ್ತದೋ ಅದೇ. ತೂತು ಪೆಟ್ರೋಲಿನಲ್ಲಿ ಮುಳುಗಿರುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಮಟ್ಟ ಅದಕ್ಕಿಂತ ಕೆಳಗಿಳಿದ ಕೂಡಲೇ ಗಾಳಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಎಳೆತ ಕಡಿಮೆ, ನಡೆದುಹೋಗುತ್ತದೆ. ಏರಿನಲ್ಲಿ ಇಂಜಿನ್ ಜಾಸ್ತಿ ಕೇಳುತ್ತದೆ, ಗಾಳಿಯೂ ಜಾಸ್ತಿ. ಇನ್ನೊಂದು, ಕೆಲವು ಬೆಳಗ್ಗೆ ಮಾತ್ರ ಸೆಲ್ಫ್ ಉದ್ದಕ್ಕೆ ಹೊಡೆಯಬೇಕಾಗುತ್ತಿತ್ತು, ಅದಕ್ಕೂ ಇದೇ ಕಾರಣ. ಆ ತೂತಿನಿಂದ ಗಾಳಿ ನುಗ್ಗಿ, ಪೈಪಿನ ಪೆಟ್ರೋಲ್ ರಾತ್ರಿ ಟ್ಯಾಂಕಿಗೆ ವಾಪಸ್. ಅದಕ್ಕೆ ಪಂಪಿನ ವಾಲ್ವ್ ಮೇಲೆ ಅನುಮಾನ ಪಟ್ಟವರು ಪಂಪಿಗೆ ಕ್ಷಮೆ ಕೇಳಿ.

ತೂತು ಅಲ್ಲೇ ಯಾಕೆ? ಗಾಡಿ ಹಿಂದಿನ ಮಾಲೀಕರ ಶೆಡ್‌ನಲ್ಲಿ ವರ್ಷಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತಿತ್ತು. ಪೆಟ್ರೋಲೂ ಗಾಳಿಯೂ ಕೂಡುವ ಗೆರೆಯಲ್ಲೇ ತುಕ್ಕು ತಿಂದಿದೆ ಅಂತ ನನ್ನ ಅಂದಾಜು. ಎಥನಾಲ್ ಸೇರಿದ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ ಬೇರೆ. 2023ರ ಫೆಬ್ರವರಿಯಲ್ಲಿ ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಬಿಡುಗಡೆ ಆದದ್ದು ನಮ್ಮ ಬೆಂಗಳೂರಿನಲ್ಲೇ, ಆದರೆ ಪದ್ಮಿನಿಯನ್ನು ಯಾರೂ ಕೇಳಲಿಲ್ಲ.

ಹೊಸ ಪೈಪನ್ನು ರೇಡಿಯೇಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಹಿತ್ತಾಳೆ ಬೆಸುಗೆ ಹಾಕಿ ಕೊಟ್ಟರು. ಟ್ಯಾಂಕನ್ನು ಬೆಂಕಿಯ ಹತ್ತಿರ ಸುಳಿಯಲೂ ಬಿಡಲಿಲ್ಲ. ಖಾಲಿ ಟ್ಯಾಂಕಿನಲ್ಲಿರುವ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ ಅಂತ ಅವರಿಗೆ ಪಾಠ ಹೇಳಬೇಕಾಗಿರಲಿಲ್ಲ.

ರಬ್ಬರ್ ಪೈಪಿನ ಕಥೆ ಬೇರೆ. ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ "ಒರಿಜಿನಲ್ಲೇ ಸಾರ್" ಅಂತ ಕೊಟ್ಟ ಪೈಪ್ ಸ್ವಲ್ಪ ದಿನದಲ್ಲೇ ನೆನೆದ ಹಪ್ಪಳ. ವಾಪಸ್ ಒಯ್ದರೆ "ನೀವು ಪೆಟ್ರೋಲ್ ಹಾಕಿದ್ರಾ?" ಅಂತ ಕೇಳಿದರು. ಪೆಟ್ರೋಲ್ ಪೈಪಿಗೆ ಮತ್ತೇನು ಮಜ್ಜಿಗೆ ಹಾಕೋದಾ? ಈಗ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಮೈಮೇಲೆ ಅಚ್ಚಾಗಿರುವ ಪೈಪ್ ಹಾಕಿದ್ದೇನೆ. ಬೆಲೆ ಕೇಳಿ ಎದೆ ಝಲ್ ಅಂದರೂ ಎಥನಾಲಿಗೆ ಅದೇ ಸರಿ.

ಈ ಗಲಾಟೆಯ ನಡುವೆ ಮೈಸೂರಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ನೋಡಿಟ್ಟಿದ್ದೇನೆ. ಕಿಕ್ಕರೂ ಗೇರ್ ಲಿವರೂ ಒಂದೇ, ಮುಖ್ಯವಾಗಿ ಪೆಟ್ರೋಲ್ ಪಂಪೇ ಇಲ್ಲ! ಟ್ಯಾಂಕ್ ಮೇಲೆ, ಕಾರ್ಬೊರೇಟರ್ ಕೆಳಗೆ, ಭೂಮಿತಾಯಿ ಎಳೆದುಕೊಳ್ಳುತ್ತಾಳೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಪದ್ಮಿನಿಯಲ್ಲಿ ಈಗ ಉಳಿದಿರುವುದು ಪಂಪಿಗೂ ಇಂಜಿನ್ನಿಗೂ ನಡುವಿನ ದಪ್ಪ ಪ್ಯಾಕಿಂಗ್. ಅದು ಸವೆದಿದೆ. ತೆಳುವಾದರೆ ಪಂಪಿನ ಲಿವರ್ ಜಾಸ್ತಿ ಆಡಿ ಪ್ರೆಶರ್ ಏರುತ್ತದೆ, ಪೆಟ್ರೋಲ್ ಒಳಬರುವುದನ್ನು ತಡೆಯುವ ನೀಡಲ್ ವಾಲ್ವ್ ಸೋತು ಕಾರ್ಬೊರೇಟರ್ ಉಕ್ಕುತ್ತದೆ. ಪೇಪರ್ ಪ್ಯಾಕಿಂಗ್ ಒಂದರ ಮೇಲೊಂದು ಪೇರಿಸುವುದು ನನಗಿಷ್ಟವಿಲ್ಲ. ಗಟ್ಟಿ ಪ್ಲಾಸ್ಟಿಕ್ ಆದ ಬೇಕಲೈಟ್‌ನದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಸ್ಟೀರಿಂಗ್ ಪಕ್ಕದ ಗೇರ್‌ನ ಎರಡು ಹೊಸ ಬುಷ್ ನನ್ನ ಹತ್ತಿರ ಇವೆ, ಬದಲಿಗೆ ಕೊಡುತ್ತೇನೆ.