ಕೂರದ ವೀಲ್ ಕ್ಯಾಪ್

ಕಳೆದ ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ, ತಲೆಯೆತ್ತಿ ನನ್ನ ಮುಖವನ್ನೂ ನೋಡದೆ, "ಈ ಚಕ್ರ ನಿಮ್ಮ ಗಾಡೀದಲ್ಲ ಸಾರ್" ಎಂದ. 1998ರಲ್ಲಿ ಅಪ್ಪ ಹೊಸದಾಗಿಯೇ ಕೊಂಡ ಮಾರುತಿ 800 ಅದು. ನಮ್ಮ ಮನೆಯವರ ಕೈ ಬಿಟ್ಟು ಬೇರೆಯವರ ಕೈಗೆ ಒಂದು ದಿನವೂ ಹೋದದ್ದಲ್ಲ. ನಮ್ಮ ಗಾಡಿಯದಲ್ಲದೆ ಇನ್ನಾರದು?

ನಾನು ಅಲ್ಲಿಗೆ ಹೋದದ್ದೇ ಭಾವನವರ ಮಾತಿಗೆ. ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಈ ಗಾಡಿಯಲ್ಲೇ ಬರುವುದಾದರೆ ಚಕ್ರಗಳಿಗೆ ಮುಚ್ಚಳವನ್ನಾದರೂ ಹಾಕಿಸು ಎಂದಿದ್ದರು. ಸಾಲದ ಕಂತು ತೀರುವ ಮೊದಲೇ ಕಾರು ಬದಲಿಸುವ ಅವರಿಗೆ ಮಿಕ್ಕವರ ಗಾಡಿಗಳೆಲ್ಲ ಎತ್ತಿನಗಾಡಿಗಳೇ. ಅಂಗಡಿಯ ಯಜಮಾನರು ಗಲ್ಲಾದಿಂದ ಏಳಲೂ ಇಲ್ಲ. ಟೈರಿನ ಪಕ್ಕದಲ್ಲಿ 145/70 ಆರ್ 12 ಎಂದಿದ್ದುದನ್ನು ಕೇಳಿ ತಿಳಿದುಕೊಂಡು, ಹನ್ನೆರಡು ಇಂಚಿನದೊಂದು ಸೆಟ್ ಕೊಡು ಎಂದು ಹುಡುಗನಿಗೆ ಹೇಳಿ, ದುಡ್ಡು ಎಣಿಸಿಕೊಂಡರು.

ವೀಲ್ ಕ್ಯಾಪನ್ನು ತಿರುಗಿಸಿ ನೋಡಿದ್ದು ಅಂದೇ ಮೊದಲು. ಅದರ ಬೆನ್ನಿಗೆ ಸುತ್ತಲೂ ಪ್ಲಾಸ್ಟಿಕ್ಕಿನ ಕೊಕ್ಕೆಗಳಿರುತ್ತವೆ. ಅವುಗಳನ್ನು ಸದಾ ಹೊರಕ್ಕೆ ಒತ್ತಿ ಹಿಡಿಯಲು ಒಂದು ಉಕ್ಕಿನ ತಂತಿಯ ಬಳೆ, ಆ ಬಳೆಯಲ್ಲಿ ಗಾಳಿ ತುಂಬುವ ವಾಲ್ವಿಗಾಗಿ ಬಿಟ್ಟ ಒಂದು ಬಾಗು. ಹುಡುಗ ಆ ಬಾಗನ್ನು ವಾಲ್ವಿಗೆ ಸರಿಯಾಗಿ ಹೊಂದಿಸಿ, ಎದುರುಬದುರಾಗಿ ಅಂಗೈಯಿಂದ ಗುದ್ದುತ್ತ ಹೋದ ಹಾಗೆ ಕೊಕ್ಕೆಗಳು ರಿಮ್ಮಿನ ಅಂಚಿನೊಳಗಿನ ಕುಳಿಯನ್ನು ಕಚ್ಚಿಕೊಂಡವು. ಮೂರು ಚಕ್ರಗಳಿಗೆ ಹೀಗೆ ಸಲೀಸಾಗಿ ಕೂತವು. ನಾಲ್ಕನೆಯದು ಮಾತ್ರ ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಹುಡುಗ ಸ್ಕ್ರೂಡ್ರೈವರಿನಿಂದ ಅಂಚನ್ನು ಕೆರೆದಾಗ ಬೆಳ್ಳಿ ಬಣ್ಣದ ಹಕ್ಕಳೆಗಳು ಪದರ ಪದರವಾಗಿ ಉದುರಿದವು. ಗಾಳಿ ಕಿಂಡಿಗಳ ಆಕಾರವೂ ಮಿಕ್ಕ ಮೂರರಂತಿಲ್ಲ ಎಂದು ತೋರಿಸಿ ಆ ಮಾತು ಹೇಳಿದ.

ಹನ್ನೆರಡು ಇಂಚು ಎಂಬುದು ಟೈರು ಕೂರುವ ಜಾಗದ ಅಳತೆ, ಕ್ಯಾಪ್ ಕಚ್ಚುವ ಅಂಚಿನದಲ್ಲ. ಆದ್ದರಿಂದ ಟೈರು ಕೂತು, ಬೋಲ್ಟುಗಳು ಹೊಂದಿ, ವರ್ಷಗಟ್ಟಲೆ ಗಾಡಿ ಓಡಿದರೂ, ಅಂಚಿನ ತಿರುವು ಬೇರೆಯಾಗಿದ್ದರೆ ಕ್ಯಾಪ್ ನಿಲ್ಲುವುದಿಲ್ಲ ಎಂದು ಅವನು ಇಷ್ಟೇ ನೇರವಾಗಿ ವಿವರಿಸಿದ. ಯಜಮಾನರಿಗಿಂತ ಅವನಿಗೇ ಹೆಚ್ಚು ಗೊತ್ತಿತ್ತು. ಅವರು ಕುಳಿತಲ್ಲಿಂದಲೇ, "ಟೈ ಹಾಕಿ ಕಟ್ಟೋ, ಯಾರಿಗೂ ಕಾಣಲ್ಲ" ಎಂದರು. ಹುಡುಗ ಒಲ್ಲದ ಮನಸ್ಸಿನಿಂದ ಎರಡು ಕಪ್ಪು ಕೇಬಲ್ ಟೈಗಳನ್ನು ಕಿಂಡಿಗಳಲ್ಲಿ ತೂರಿಸಿ ಬಿಗಿದು, ಪಂಕ್ಚರ್ ಆದರೆ ಕತ್ತರಿಸಬೇಕಾಗುತ್ತದೆ ಎಂದು ಎಚ್ಚರಿಸಿದ. ದಾರಿಯುದ್ದಕ್ಕೂ, ಸಿಗ್ನಲ್ ಬಳಿ ಗಾಡಿ ನಿಧಾನವಾದಾಗಲೆಲ್ಲ, ಆ ಚಕ್ರದಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು.

ನಿಮ್ಮ ಗಾಡೀದಲ್ಲ. ಅಪ್ಪ ಪೆಟ್ರೋಲಿನ ಪ್ರತಿ ಲೀಟರನ್ನೂ, ಪ್ರತಿ ಪಂಕ್ಚರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದವರು. ಮನೆಗೆ ಬಂದವನೇ ಅದನ್ನು ಹುಡುಕಿ ತೆಗೆದು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಚಕ್ರ ಬದಲಿಸಿದ ಲೆಕ್ಕ ಎಲ್ಲಿಯೂ ಇರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅವರು ಕುಂಚ ಹಿಡಿದು ಚಕ್ರಗಳಿಗೆಲ್ಲ ಬೆಳ್ಳಿ ಬಣ್ಣ ಬಳಿಯುತ್ತಿದ್ದುದು ಆಗ ನೆನಪಾಯಿತು. ನಾವು ಅದನ್ನು ಭಕ್ತಿ ಎಂದುಕೊಂಡಿದ್ದೆವು. ಭಕ್ತಿಯೂ ಇದ್ದಿರಬಹುದು, ಆದರೆ ಒಂದೇ ಚಕ್ರಕ್ಕೆ ಅಷ್ಟು ಬಣ್ಣವೇಕೆ?

ಅಮ್ಮ ಗೇಟಿನ ಬಳಿ ಬಂದು ಗಾಡಿಯನ್ನು ಒಮ್ಮೆ ನೋಡಿದಳು. ನಾಲ್ಕನೆಯದು ಕೂರುತ್ತಿಲ್ಲ ಎಂದೆ.

"ಅದು ಹಾಸನದ ಗುಜರೀದು ಕಣೋ. ನೀನು ಗಾಡಿ ಕಲಿಯೋವಾಗ ಗುಂಡಿಗೆ ಇಳಿಸಿ ರಿಮ್ಮು ಸೊಟ್ಟ ಮಾಡಿದ್ದೆ. ಗೊತ್ತಾದ್ರೆ ಇವನು ಮತ್ತೆ ಸ್ಟೇರಿಂಗ್ ಮುಟ್ಟಲ್ಲ, ಹೇಳಬೇಡ ಅಂದಿದ್ರು ನಿಮ್ಮಪ್ಪ" ಎಂದು ಹೇಳಿ, ಹಾಲು ಉಕ್ಕುತ್ತದೆಂದು ಒಳಗೆ ಹೋದಳು.

ಗುಂಡಿಗೆ ಇಳಿಸಿದ್ದು ನನಗೆ ನೆನಪಿತ್ತು. ಗಾಡಿಗೆ ಏನೂ ಆಗಿಲ್ಲ ಎಂದು ಮರುದಿನ ಅಪ್ಪ ಹೇಳಿದ್ದೂ ನೆನಪಿತ್ತು. ಕತ್ತರಿ ತಂದು ಎರಡೂ ಟೈಗಳನ್ನು ಕತ್ತರಿಸಿ, ಕ್ಯಾಪನ್ನು ಡಿಕ್ಕಿಯಲ್ಲಿಟ್ಟೆ. ನಾಳೆ ನಿಶ್ಚಿತಾರ್ಥಕ್ಕೆ ಮೂರು ಮುಚ್ಚಳಗಳ ಗಾಡಿಯಲ್ಲೇ ಹೋಗುತ್ತೇವೆ. ಭಾವನವರು ಎಣಿಸದೆ ಬಿಡುವವರಲ್ಲ.