ನಾಟಿ ನಾಯಿಗೆ ಕಡಿಮೆ ದುಡ್ಡಲ್ಲಿ ಚಿಕಿತ್ಸೆ: ನಮ್ಮ ತೀರ್ಥಹಳ್ಳಿ ಕಡೆಯವರಿಗಾಗಿ

ನಮ್ಮ ಕಡೆ ನಾಯಿ ಸಾಕುವುದು ಚಂದಕ್ಕಲ್ಲ. ತೋಟಕ್ಕೆ ಮಂಗ ಬಂದರೆ ಓಡಿಸಬೇಕು, ರಾತ್ರಿ ಕೊಟ್ಟಿಗೆ ಹತ್ತಿರ ಏನಾದರೂ ಸುಳಿದರೆ ಬೊಗಳಬೇಕು. ವರ್ಷಗಟ್ಟಲೆ ದುಡಿಯುತ್ತದೆ. ಅದಕ್ಕೆ ಹುಷಾರಿಲ್ಲದಾಗ ಮಾತ್ರ "ನಾಟಿ ನಾಯಿ ಅಲ್ವಾ, ತಾನಾಗೇ ಸರಿಹೋಗುತ್ತೆ" ಅನ್ನುವವರು ಜಾಸ್ತಿ. ಅವರೇನೂ ಕರುಣೆ ಇಲ್ಲದವರಲ್ಲ. ಆಸ್ಪತ್ರೆಗೆ ಹೋದರೆ ಎಷ್ಟು ಬಿಲ್ ಆಗುತ್ತದೋ ಎಂಬ ಹೆದರಿಕೆ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನಾನು ಮಂಡಗದ್ದೆ ಹತ್ತಿರ ಬ್ಲೌಸ್ ಹೊಲಿಯುವವಳು, ಮನೆಯವರು ತೋಟದ ಕೆಲಸಕ್ಕೆ ಹೋಗುತ್ತಾರೆ. ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಕಳೆದ ವರ್ಷ ನಮ್ಮ ಬೆಳ್ಳಿಗೆ ಆಪರೇಷನ್ ಆಯಿತು. ಆಗ ಕಲಿತದ್ದನ್ನು ಬರೆದಿಟ್ಟರೆ ಇನ್ನೊಬ್ಬರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಳ್ಳಿಗೆ ಏಳು ವರ್ಷ. ಬೆದೆಗೆ ಬಂದು ಹೋಗಿ ತಿಂಗಳ ಮೇಲಾಗಿತ್ತು. ಇದ್ದಕ್ಕಿದ್ದಂತೆ ನೀರು ಕುಡಿಯುವುದು ಜಾಸ್ತಿಯಾಯಿತು. ದನಕ್ಕಿಟ್ಟ ಬಾನಿಗೂ ಬಾಯಿ ಹಾಕುತ್ತಿದ್ದಳು. ಊಟ ಬಿಟ್ಟಳು, ಮೀನಿನ ಸಾರು ಕಲಸಿಟ್ಟರೂ ಮೂಸಿ ನೋಡಲಿಲ್ಲ. ಹಿಂದಿನಿಂದ ವಾಸನೆ ಬರುವ ಕೀವು ಸೋರುತ್ತಿತ್ತು. ನಮ್ಮೂರ ಪಶು ಆಸ್ಪತ್ರೆಯ ಡಾಕ್ಟರು ನೋಡಿದ ಕೂಡಲೇ ಹೇಳಿದರು: "ಗರ್ಭಕೋಶದಲ್ಲಿ ಕೀವು ತುಂಬಿರೋ ಹಾಗಿದೆ ಅಮ್ಮ. ಇಲ್ಲಿ ಸ್ಕ್ಯಾನಿಂಗ್ ಇಲ್ಲ, ಆಪರೇಷನ್ನಿಗೂ ಅನುಕೂಲ ಇಲ್ಲ. ತಡ ಮಾಡಬೇಡಿ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ." ಪಯೋಮೆಟ್ರಾ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಿಗೆ ವಯಸ್ಸಾಗುತ್ತಾ ಬರುವ ಕಾಯಿಲೆ ಇದು. ಬಿಟ್ಟರೆ ನಂಜೇರಿ ಸಾಯುತ್ತವೆ.

ಊರಿನ ಸರ್ಕಾರಿ ಪಶು ಆಸ್ಪತ್ರೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಜನ ಅದು ದನ ಎಮ್ಮೆಗೆ ಮಾತ್ರ ಅಂದುಕೊಂಡಿದ್ದಾರೆ. ನಾಯಿ ಬೆಕ್ಕನ್ನೂ ನೋಡುತ್ತಾರೆ. ಆದರೆ ಅಲ್ಲಿಯ ಕೆಲಸವೆಲ್ಲ ಹೈನುಗಾರಿಕೆಗಾಗಿ ಜೋಡಿಸಿದ್ದು. ಕೃತಕ ಗರ್ಭಧಾರಣೆ, ಹೆರಿಗೆ ಕಷ್ಟವಾದ ಹಸು, ಕಾಲುಬಾಯಿ ಜ್ವರದ ಲಸಿಕೆ ಅಂತ ಡಾಕ್ಟರು ಅರ್ಧ ದಿನ ಮನೆ ಮನೆ ತಿರುಗುತ್ತಿರುತ್ತಾರೆ. ಅದಕ್ಕೇ ಫೋನ್ ಮಾಡಿ, ಇದ್ದಾರಾ ಅಂತ ಕೇಳಿಕೊಂಡು ಹೋಗಿ. ಜಂತುಹುಳುವಿನ ಮಾತ್ರೆ, ಹುಳ ಬಿದ್ದ ಗಾಯ ತೊಳೆಯುವುದು, ಜ್ವರಕ್ಕೆ ಇಂಜೆಕ್ಷನ್, ರೇಬೀಸ್ ಲಸಿಕೆ, ಇಷ್ಟಕ್ಕೆ ಅದೇ ಸಾಕು. ಕೆಲವೊಮ್ಮೆ ನಾಯಿಯ ಔಷಧಿ ಸ್ಟಾಕ್ ಇರುವುದಿಲ್ಲ, ಚೀಟಿ ಬರೆದುಕೊಡುತ್ತಾರೆ. ಹಳ್ಳದ ನೀರು ಕುಡಿಯುವಾಗ ಮೂಗಿಗೆ ಜಿಗಣೆ ಸೇರಿಕೊಂಡು ಒಂದೇ ಹೊಳ್ಳೆಯಲ್ಲಿ ರಕ್ತ ಸುರಿಯುತ್ತದಲ್ಲ, ಅದನ್ನು ತೆಗೆಯುವುದರಲ್ಲಿ ನಮ್ಮ ಮಲೆನಾಡಿನ ಡಾಕ್ಟರುಗಳ ಕೈ ಪಳಗಿದೆ. ಆಸ್ಪತ್ರೆಗೆ ಹೋಗುವ ಸ್ಥಿತಿಯೇ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು. ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆ. ಆದರೂ ಕೇಳಲು ಸಂಕೋಚ ಬೇಡ.

ಶಿವಮೊಗ್ಗದಲ್ಲಿ ನಾವು ಮೊದಲು ಹೋದದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿ ಹೇಳಿದ ಮೊತ್ತ ನನ್ನ ಎರಡು ತಿಂಗಳ ಹೊಲಿಗೆ ದುಡ್ಡಿಗಿಂತ ಜಾಸ್ತಿ. ಅವರದೂ ಬಾಡಿಗೆ, ಮೆಷಿನ್, ಸಂಬಳ ಎಲ್ಲ ಇರುತ್ತದೆ, ಬೈಯಲು ನನಗೆ ಮನಸ್ಸಿಲ್ಲ. ಆದರೆ ಹೊರಗೆ ಬಂದು ಓಮ್ನಿಯಲ್ಲಿ ಕೂತಾಗ ಅಳು ತಡೆಯಲಾಗಲಿಲ್ಲ. ಓಮ್ನಿ ಓಡಿಸುವ ನಮ್ಮೂರ ಹುಡುಗನೇ ಹೇಳಿದ್ದು, "ಅಕ್ಕಾ, ವಿನೋಬನಗರದಲ್ಲಿ ವೆಟರ್ನರಿ ಕಾಲೇಜಿದೆ, ಅಲ್ಲಿ ನೋಡಣ ಬನ್ನಿ" ಅಂತ.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ಡಾಕ್ಟರಾಗಲು ಓದುವ ಮಕ್ಕಳು ಪ್ರಾಣಿಗಳನ್ನು ನೋಡಿಯೇ ಕಲಿಯಬೇಕಲ್ಲ, ಅದಕ್ಕಾಗಿ ಕಾಲೇಜಿಗೇ ಸೇರಿದ ಆಸ್ಪತ್ರೆ ಇರುತ್ತದೆ. ಕಲಿಸುವ ಆಸ್ಪತ್ರೆ ಆದ್ದರಿಂದ ಖಾಸಗಿಗಿಂತ ಖರ್ಚು ಬಹಳ ಕಡಿಮೆ. ಪೂರ್ತಿ ಉಚಿತ ಅಂದುಕೊಂಡು ಮಾತ್ರ ಹೋಗಬೇಡಿ. ಹೊಲಿಗೆ ದಾರ, ಗ್ಲೂಕೋಸ್ ಬಾಟಲಿ, ಇಂಜೆಕ್ಷನ್ ಅಂತ ಹೊರಗಿನಿಂದ ತರುವ ಸಾಮಾನು ಇರುತ್ತದೆ. ಸಮಯವೂ ಹಿಡಿಯುತ್ತದೆ. ಮೊದಲು ಒಬ್ಬ ವಿದ್ಯಾರ್ಥಿನಿ ಬಂದು ಎಲ್ಲ ಕೇಳಿ ಬರೆದುಕೊಂಡಳು. "ಅಮ್ಮಾ, ನೀರು ಯಾವಾಗಿಂದ ಜಾಸ್ತಿ ಕುಡೀತಿದೆ? ಎಷ್ಟು ಸಲ ಮರಿ ಹಾಕಿದೆ? ಗರ್ಭ ನಿಲ್ಲದ ಹಾಗೆ ಏನಾದ್ರೂ ಇಂಜೆಕ್ಷನ್ ಕೊಡಿಸಿದ್ರಾ?" ಆಮೇಲೆ ಅವಳ ಮೇಡಂ ಬಂದು ಅದನ್ನೇ ಮತ್ತೆ ಕೇಳಿದರು. ಪಕ್ಕದಲ್ಲಿ ಕಾಯುತ್ತಿದ್ದವರು ಗೊಣಗುತ್ತಿದ್ದರು. ನನಗೆ ಅದು ಇಷ್ಟವಾಯಿತು. ನಮ್ಮ ನಾಯಿಯ ಬಗ್ಗೆ ಅಷ್ಟು ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಮೇಡಂ ಪರೀಕ್ಷೆಗಳ ಪಟ್ಟಿ ಬರೆಯಲು ಹೊರಟಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮೇಡಂ, ನನ್ನ ಹತ್ರ ಇರೋದು ಇಷ್ಟು. ಇದರೊಳಗೆ ಏನು ಮಾಡಬಹುದು ಹೇಳಿ." ಅವರು ಮುಖ ಸಿಂಡರಿಸಲಿಲ್ಲ. ಪೆನ್ ಹಿಡಿದು, ಈ ರಕ್ತ ಪರೀಕ್ಷೆ ಬೇಕೇ ಬೇಕು, ಇದನ್ನು ಸದ್ಯಕ್ಕೆ ಬಿಡಬಹುದು ಅಂತ ಎರಡು ಗೆರೆ ಹೊಡೆದರು. ಆಪರೇಷನ್ ಆದ ಮೇಲಿನ ಆಂಟಿಬಯೋಟಿಕ್ ಜನೌಷಧಿ ಅಂಗಡಿಯಲ್ಲೇ ಸಿಗುತ್ತದೆ, ಅಲ್ಲೇ ತಗೊಳ್ಳಿ ಅಂದರು. ನಾಯಿಗೆ ಬರೆಯುವ ಎಷ್ಟೋ ಔಷಧಿ ಮನುಷ್ಯರದ್ದೇ, ಪ್ರಮಾಣ ಮಾತ್ರ ಬೇರೆ.

ನೀವು ಎಲ್ಲಿಗೇ ಹೋಗಿ, ಕೈಯಲ್ಲಿರುವ ದುಡ್ಡನ್ನು ಮೊದಲೇ ಹೇಳಿ. ಕೊನೆಗೆ ಬಿಲ್ ನೋಡಿ ಅರ್ಧಕ್ಕೆ ಬಿಟ್ಟು ಬರುವುದರಿಂದ ಪ್ರಾಣಿಗೂ ಕಷ್ಟ, ಡಾಕ್ಟರಿಗೂ ಬೇಸರ. ಮೊದಲೇ ಗೊತ್ತಾದರೆ ಅವರು ದಾರಿ ಹುಡುಕುತ್ತಾರೆ. ಇದು ಭಿಕ್ಷೆ ಕೇಳಿದ ಹಾಗಲ್ಲ.

ಲಂಡನ್ನಿನಲ್ಲಿ 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಮರಿಯಾ ಡಿಕಿನ್ ಎಂಬ ಹೆಂಗಸು ವೈಟ್‌ಚಾಪೆಲ್ ಎಂಬ ಬಡವರ ಬಡಾವಣೆಯಲ್ಲಿ ಒಂದು ನೆಲಮಾಳಿಗೆ ಹಿಡಿದು ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಶುರು ಮಾಡಿದರಂತೆ. ನಿಮ್ಮ ಕಾಯಿಲೆ ಪ್ರಾಣಿಗಳನ್ನು ತನ್ನಿ, ನರಳಲು ಬಿಡಬೇಡಿ ಅಂತ ಹೊರಗೆ ಬೋರ್ಡು ಹಾಕಿದ್ದರು. ಅದೇ ಬೆಳೆದು ಪಿಡಿಎಸ್‌ಎ ಎಂಬ ದೊಡ್ಡ ಸಂಸ್ಥೆಯಾಗಿದೆ. ಅಲ್ಲಿ ಈಗಲೂ ಸರ್ಕಾರದ ನೆರವಿನಲ್ಲಿ ಬದುಕುವವರ ನಾಯಿ ಬೆಕ್ಕುಗಳಿಗೆ ಉಚಿತವಾಗಿ ಅಥವಾ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಇದನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂತು. ಬಡವರಿಗೂ ಪ್ರಾಣಿಯ ಮೇಲೆ ಜೀವ ಇರುತ್ತದೆ ಅಂತ ನೂರು ವರ್ಷದ ಹಿಂದೆಯೇ ಒಬ್ಬರಿಗೆ ಹೊಳೆದಿತ್ತಲ್ಲ. ನಮ್ಮಲ್ಲಿ ಆ ಕೆಲಸವನ್ನು ಸರ್ಕಾರಿ ಆಸ್ಪತ್ರೆ, ಕಾಲೇಜು, ಒಂದಿಷ್ಟು ಪ್ರಾಣಿಪ್ರಿಯರು ಸೇರಿ ಮಾಡುತ್ತಿದ್ದಾರೆ. ಬೋರ್ಡು ದೊಡ್ಡದಿಲ್ಲ, ಅಷ್ಟೇ. ಒಬ್ಬರಿಗೊಬ್ಬರು ಹೇಳಿಕೊಂಡೇ ಗೊತ್ತಾಗಬೇಕು.

ನಮ್ಮಂಥ ಕಾಡೂರಿನವರಿಗೆ ನಿಜವಾದ ಖರ್ಚು ಆಸ್ಪತ್ರೆಯಲ್ಲಿಲ್ಲ, ದಾರಿಯಲ್ಲಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಹತ್ತಿರ. ಆಗುಂಬೆ ಕಡೆಯವರಿಗೆ ಇನ್ನೂ ದೂರ. ಕಾಯಿಲೆ ನಾಯಿಯನ್ನು ಬಸ್ಸಿಗೆ ಹತ್ತಿಸುವುದು ಕಷ್ಟ, ಬಾಡಿಗೆ ಗಾಡಿಯೇ ಗತಿ. ಹೊಲಿಗೆ ಬಿಚ್ಚಿಸಲು ಮತ್ತೆ ಹೋಗಬೇಕು. ಬೆಳ್ಳಿಯ ಲೆಕ್ಕ ಬರೆದು ನೋಡಿದರೆ ಔಷಧಿಗಿಂತ ಓಮ್ನಿಗೇ ಜಾಸ್ತಿ ಹೋಗಿತ್ತು. ಅದಕ್ಕೇ ಈಗ ನಮ್ಮ ಕೇರಿಯಲ್ಲಿ ಯಾರು ಹೊರಟರೂ ಮೊದಲು ಅಕ್ಕಪಕ್ಕ ಕೇಳುತ್ತೇವೆ. ಎರಡು ಮನೆಯ ಪ್ರಾಣಿ ಒಂದೇ ಗಾಡಿಯಲ್ಲಿ ಹೋದರೆ ಬಾಡಿಗೆ ಅರ್ಧ. ಆದರೆ ಭೇದಿ, ವಾಂತಿ ಆಗುತ್ತಿರುವ ಮರಿಯನ್ನು ಬೇರೆ ನಾಯಿಯ ಜೊತೆ ಕೂರಿಸಬೇಡಿ. ಪಾರ್ವೋ ಎಂಬ ಅಂಟುರೋಗ ಆಗಿದ್ದರೆ ಇನ್ನೊಂದಕ್ಕೂ ಅಂಟುತ್ತದೆ, ಗಾಡಿಯಲ್ಲೂ ಅಂಗಳದಲ್ಲೂ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ.

ದುಡ್ಡು ಉಳಿಸಲು ಮನೆಯಲ್ಲಿರುವ ಮಾತ್ರೆ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಅದು ವಿಷ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಾಯಿಗೆ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ಉಣುಗಿನ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಕಾಡು ಸುತ್ತಿ ಬರುವ ನಾಯಿ ಮೈಯಲ್ಲಿ ಉಣುಗು ಹೊತ್ತು ತರುತ್ತದೆ. ನಾಯಿಗೂ ಉಣುಗಿನಿಂದ ಬೇರೆ ಜ್ವರ ಬರುತ್ತದೆ, ವಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಬರುವವರೆಗೂ ಕೆಲವರು ಕಾಯುತ್ತಾರೆ. ಬೇಗ ಹೋದರೆ ಅದಕ್ಕೆ ಕೊಡುವುದು ಡಾಕ್ಸಿಸೈಕ್ಲಿನ್ ಎಂಬ ಕಡಿಮೆ ಬೆಲೆಯ ಮಾತ್ರೆ. ತಡವಾದರೆ ರಕ್ತ ಕೊಡಿಸುವ ಹಂತಕ್ಕೂ ಹೋಗುತ್ತದೆ.

ಬೆಳ್ಳಿ ಈಗ ಗಟ್ಟಿಯಾಗಿದ್ದಾಳೆ. ಆಪರೇಷನ್ ಆದಾಗ ನೆಂಟರೊಬ್ಬರು "ಒಂದು ನಾಯಿಗೆ ಇಷ್ಟು ಖರ್ಚು ಮಾಡ್ತೀಯಾ ಮಾರಾಯ್ತಿ" ಅಂದಿದ್ದರು. ಈಗ ಅವರ ಮನೆಯ ಹೆಣ್ಣು ಮರಿಗೆ ಸಂತಾನಹರಣ ಮಾಡಿಸಲು ನನ್ನನ್ನೇ ಕರೆದಿದ್ದಾರೆ. ಸಣ್ಣ ವಯಸ್ಸಿನಲ್ಲೇ ಮಾಡಿಸಿದರೆ ಗರ್ಭಕೋಶದ ಕೀವು ಬರುವುದೇ ಇಲ್ಲ ಅನ್ನಬಹುದು, ಮೊಲೆಯ ಗಡ್ಡೆಯೂ ಕಡಿಮೆ.

ಜುಲೈ 6 ಬರುತ್ತಿದೆ. 1885ರಲ್ಲಿ ಪ್ಯಾಶ್ಚರ್ ಒಬ್ಬ ಹುಡುಗನಿಗೆ ಮೊದಲ ಸಲ ರೇಬೀಸ್ ಲಸಿಕೆ ಕೊಟ್ಟ ದಿನ ಅದು. ಆ ದಿನ ಮತ್ತು ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಕ್ಯಾಂಪ್ ಇಡುವ ರೂಢಿ ಇದೆ. ಮೂರು ತಿಂಗಳು ತುಂಬಿದ ಮರಿಗೆ ಹಾಕಿಸಬಹುದು, ಆಮೇಲೆ ಡಾಕ್ಟರು ಹೇಳಿದ ಹಾಗೆ ಪ್ರತಿ ವರ್ಷ. ಪುನರ್ವಸು ಮಳೆ ಹಿಡಿಯುವ ಹೊತ್ತು, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ, ಗೊತ್ತು. ಆದರೂ ನಾವು ತೀರ್ಥಹಳ್ಳಿಗೆ ಹೊರಡುತ್ತಿದ್ದೇವೆ, ಕ್ಯಾಂಪಿನ ಸಮಯವನ್ನು ಹಿಂದಿನ ವಾರವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ. ಓಮ್ನಿಯಲ್ಲಿ ಇನ್ನೂ ಎರಡು ನಾಯಿಗೆ ಜಾಗ ಇದೆ. ಬರುವವರು ಸರಪಳಿ, ಒಂದು ಹಳೇ ಗೋಣಿಚೀಲ, ಹಿಂದಿನ ಲಸಿಕೆ ಚೀಟಿ ಇದ್ದರೆ ಅದನ್ನೂ ತನ್ನಿ.