ರಿಸರ್ಚ್‌ಗೆ ದುಡ್ಡು ಯಾರು ಕೊಡ್ತಾರೆ ಮೇಡಂ?

ನಾನು ಕಮ್ಯುನಿಟಿ ಮೆಡಿಸಿನ್, ಅಂದರೆ ಇಡೀ ಸಮುದಾಯದ ಆರೋಗ್ಯದ ವಿಷಯ, ಪಾಠ ಮಾಡುವವಳು. ಮನೆ ಶಿರಸಿ ಕಡೆ, ಕೆಲಸ ಕರಾವಳಿಯಲ್ಲಿ. ಎಂಬಿಬಿಎಸ್ ಮುಗಿಸುತ್ತಿರುವ ಮಕ್ಕಳು, ಕಡ್ಡಾಯ ಸೇವೆಗೆಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಬಂದ ಹೊಸ ಡಾಕ್ಟರುಗಳು, ಎಂಡಿಗೆ ಸೇರಿದವರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ: "ಸಂಶೋಧನೆ ಮಾಡಬೇಕು ಅಂತ ಆಸೆ ಇದೆ ಮೇಡಂ, ಆದರೆ ದುಡ್ಡು ಯಾರು ಕೊಡ್ತಾರೆ?" ಅವರ ಅಪ್ಪ-ಅಮ್ಮ ಸಿಕ್ಕರೆ ಅದೇ ಪ್ರಶ್ನೆ ಬೇರೆ ಥರ ಬರುತ್ತದೆ: "ಅದ್ರಲ್ಲಿ ಹೊಟ್ಟೆ ತುಂಬ್ತಾ ಡಾಕ್ಟ್ರೇ?"

ದುಡ್ಡು ಇದೆ. ಹೆಚ್ಚಿನವರು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ. ನಮ್ಮ ಕಡೆಯ ಹೊಸ ಡಾಕ್ಟರಿಗೆ ನಿಜವಾಗಿ ಸಿಗದೆ ಇರುವುದು ಹೊತ್ತು. ಜೊತೆಗೆ, ಕೂರಿಸಿಕೊಂಡು ಹೇಳಿಕೊಡುವ ಒಬ್ಬ ಹಿರಿಯರು. ಈ ಎರಡರ ಬಗ್ಗೆ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ಉತ್ತರ ಕನ್ನಡದಲ್ಲಿ ಕೂತು ಏನು ಸಂಶೋಧನೆ ಮಾಡೋದು, ಅದೆಲ್ಲ ಬೆಂಗಳೂರು, ದೆಹಲಿಯವರ ಕೆಲಸ ಅಲ್ವಾ ಅನ್ನುವವರಿಗೆ ಸ್ವಲ್ಪ ಹೇಳಬೇಕು.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹೊಸ ವೈರಸ್ ಒಂದನ್ನು ಪತ್ತೆ ಹಚ್ಚಿ, ಅದು ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಆ ಕೇಂದ್ರಕ್ಕೆ ಆಗಿನ್ನೂ ಐದು ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ 1952ರಲ್ಲಿ ಅದನ್ನು ಶುರು ಮಾಡಿತ್ತು. ಇಂಥದೊಂದು ಜ್ವರ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದಾಗಲೇ ಲ್ಯಾಬಿಗೆ ದುಡ್ಡು ಹಾಕಿದ್ದರು, ತರಬೇತಾದ ಜನರನ್ನು ಇಟ್ಟುಕೊಂಡಿದ್ದರು. ಅದಕ್ಕೇ ಆ ಜ್ವರಕ್ಕೆ ಅಷ್ಟು ಬೇಗ ಹೆಸರು ಸಿಕ್ಕಿತು.

ಸೊರಬ ನಮ್ಮ ಸಿದ್ದಾಪುರದ ಪಕ್ಕದ ತಾಲ್ಲೂಕು. ಈಗ ಸಿದ್ದಾಪುರದ ಹಳ್ಳಿಗಳಿಗೂ ಬೇಸಿಗೆ ಎಂದರೆ ಮಂಗನ ಕಾಯಿಲೆಯ ಭಯ. ಸೊಪ್ಪಿನಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವವರು, ದನ ಮೇಯಿಸುವವರು, ಕಟ್ಟಿಗೆಗೆ ಹೋಗುವವರು, ಎಲ್ಲರೂ ಉಣುಗು ಇರುವ ಜಾಗದಲ್ಲೇ ಓಡಾಡಬೇಕು. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೇಪಾ ಎಣ್ಣೆ ಕೊಡುತ್ತದೆ. ಲಸಿಕೆಯೂ ಇತ್ತು. ಆ ಲಸಿಕೆಯ ಕತೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 2005ರಿಂದ 2010ರವರೆಗೆ ಯಾರ‍್ಯಾರಿಗೆ ಲಸಿಕೆ ಬಿತ್ತು, ಯಾರಿಗೆ ಕಾಯಿಲೆ ಬಂತು ಎಂಬ ದಾಖಲೆಗಳನ್ನು ಕೂಡಿಸಿ ನೋಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇ. 62.4. ಬೂಸ್ಟರ್ ಕೂಡ ಪಡೆದವರಿಗೆ ಶೇ. 82.9. ಲಸಿಕೆ ಹಾಕಿಸಿಕೊಳ್ಳಬೇಕಾದವರಲ್ಲಿ ಬಹಳ ಜನ ಹಾಕಿಸಿಕೊಂಡೇ ಇರಲಿಲ್ಲ ಎಂಬುದೂ ಅದರಿಂದ ಗೊತ್ತಾಯಿತು. ಮುಂದೆ ಲಸಿಕೆಯ ಗುಣದ ಬಗ್ಗೆಯೇ ಸಂಶಯ ಎದ್ದು, 2022ರಲ್ಲಿ ಅದನ್ನು ಕೊಡುವುದೇ ನಿಂತಿತು. ಹೊಸ ಲಸಿಕೆಯ ಕೆಲಸ ಐಸಿಎಂಆರ್ ಮೂಲಕ ನಡೆಯುತ್ತಿದೆ.

2013ರ ಆ ಅಧ್ಯಯನದ ಮುಖ್ಯ ಭಾಗ ನಡೆದದ್ದು ದಾಖಲೆ ಪುಸ್ತಕಗಳಲ್ಲಿ. ಸರ್ಕಾರಿ ಆರೋಗ್ಯ ಇಲಾಖೆ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ, ಅದನ್ನು ಸರಿಯಾಗಿ ಓದಲು ಬಂದವರ ತಿಳಿವಳಿಕೆ, ಇವೆರಡು ಸೇರಿದ್ದರಿಂದ ಅದು ಆಯಿತು. ನಮ್ಮ ಪಿಎಚ್‌ಸಿಗಳ ಕಪಾಟಿನಲ್ಲೂ ಇಂಥ ರಿಜಿಸ್ಟರುಗಳಿವೆ.

ಇನ್ನೊಂದು, ಹಾವು ಕಡಿತ. ಭಾರತದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಘಟ್ಟದ ಗುಳಿಮಂಡಲ ಹಾವುಗಳು ಆ ಪಟ್ಟಿಯಲ್ಲಿಲ್ಲ. ಅಡಿಕೆ ತೋಟದಲ್ಲಿ ಗುಳಿಮಂಡಲ ಕಚ್ಚಿ ಬಂದ ರೋಗಿಗೆ ನಾವು ಕೊಡುವ ಪ್ರತಿವಿಷ ಆ ವಿಷಕ್ಕೆಂದು ಮಾಡಿದ್ದಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಈಗ ಲೆಕ್ಕ ಬರತೊಡಗಿದೆ. ಯಾವ ಹಾವು, ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿದರು, ಕಿಡ್ನಿಗೆ ಏನಾಯಿತು, ಇದನ್ನೆಲ್ಲ ಘಟ್ಟದ ಡಾಕ್ಟರೇ ಬರೆಯಬೇಕು. ಬೇರೆ ಯಾರು ಬರೆಯುತ್ತಾರೆ?

ಕವಳದ, ಅಂದರೆ ಎಲೆ-ಅಡಿಕೆ ಜಗಿಯುವುದರ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ಶಿರಸಿಯಲ್ಲಿ ಈ ಮಾತು ಎತ್ತಿದರೆ ಬೇಸರ ಮಾಡಿಕೊಳ್ಳುತ್ತಾರೆ. "ನಮ್ಮ ಅಜ್ಜ ಕೊನೇವರೆಗೂ ಕವಳ ಹಾಕಿದ್ದ, ಏನೂ ಆಗ್ಲಿಲ್ಲ" ಅನ್ನುತ್ತಾರೆ. ತಂಬಾಕು ಹಾಕುವವರೆಷ್ಟು, ಹಾಕದವರೆಷ್ಟು, ಬಾಯಿ ಬಿಗಿಯಾಗುವುದು ಯಾರಿಗೆ, ಯಾವ ವಯಸ್ಸಿಗೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ಈ ನೆಲದ ಭಾಷೆ ಬಲ್ಲ, ತೋಟದ ಕಷ್ಟ ಬಲ್ಲ ಡಾಕ್ಟರು ಮಾಡಿದರೆ ಜನ ನಿಜ ಹೇಳುತ್ತಾರೆ. ಹೊರಗಿನವರಿಗೆ ಹೇಳುವುದು ಕಷ್ಟ.

ಇನ್ನು ದುಡ್ಡಿನ ಮಾತು.

ಎಂಬಿಬಿಎಸ್ ಓದುವಾಗಲೇ ಮೊದಲ ಬಾಗಿಲು ತೆರೆದಿದೆ. ಐಸಿಎಂಆರ್ 1979ರಿಂದ ನಡೆಸುತ್ತಿರುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್, ಎಲ್ಲರೂ ಎಸ್‌ಟಿಎಸ್ ಅನ್ನುವುದು ಇದನ್ನೇ. ಎರಡು ತಿಂಗಳ ಸಣ್ಣ ಪ್ರಾಜೆಕ್ಟ್. ಕಾಲೇಜಿನ ಒಬ್ಬ ಗೈಡ್ ಬೇಕು. ಸ್ಟೈಪೆಂಡ್ ಈಚೆಗೆ 50,000 ರೂಪಾಯಿ, ಅದೂ ರಿಪೋರ್ಟ್ ಒಪ್ಪಿಗೆಯಾದ ಮೇಲೆ. ಮೊತ್ತ ದೊಡ್ಡದಲ್ಲ. ಆದರೆ ಪ್ರಶ್ನೆ ಬರೆಯುವುದು, ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿ ಮುಂದೆ ಹೋಗುವುದು, ಎಷ್ಟು ಜನರನ್ನು ನೋಡಬೇಕೆಂದು ಲೆಕ್ಕ ಹಾಕುವುದು, ಇದನ್ನೆಲ್ಲ ಇಪ್ಪತ್ತರ ವಯಸ್ಸಿನಲ್ಲೇ ಕಲಿತವರಿಗೆ ಮುಂದೆ ಭಯ ಇರುವುದಿಲ್ಲ. ಇದನ್ನು ಬಿಡಬೇಡಿ ಎಂದು ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ.

ಎಂಡಿ, ಎಂಎಸ್‌ಗೆ ಸೇರಿದ ಮೇಲೆ ಥೀಸಿಸ್ ಹೇಗೂ ಮಾಡಲೇಬೇಕು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆನ್‌ಲೈನ್‌ನಲ್ಲಿ ನಡೆಸುವ ಬಯೋಮೆಡಿಕಲ್ ರಿಸರ್ಚ್ ಕೋರ್ಸ್ ಪಿಜಿಗಳಿಗೆ, ಅಂದರೆ ಈ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಡ್ಡಾಯ. ಪಾಠಕ್ಕೆ ಶುಲ್ಕ ಇಲ್ಲ. ಥೀಸಿಸ್ ಖರ್ಚಿಗೆ ಐಸಿಎಂಆರ್‌ಗೂ ಅರ್ಜಿ ಹಾಕಬಹುದು, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೂ ಹಾಕಬಹುದು. ಎಷ್ಟೋ ಪಿಜಿಗಳು ಹಾಕುವುದೇ ಇಲ್ಲ. ಕಿಟ್, ಟೆಸ್ಟ್ ಎಂದು ಸ್ಟೈಪೆಂಡ್ ದುಡ್ಡನ್ನೇ ಸುರಿಯುತ್ತಾರೆ. ಕೆಲವು ಕಡೆ ರೋಗಿಯ ಬಿಲ್ಲಿಗೇ ಸೇರಿಸಿಬಿಡುತ್ತಾರೆ. ಇದು ತಪ್ಪು. ಸಂಶೋಧನೆಗೆಂದೇ ಮಾಡುವ ಟೆಸ್ಟಿನ ಖರ್ಚು ರೋಗಿಯ ಮೇಲೆ ಬೀಳಬಾರದು ಎಂದು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೇ ಹೇಳುತ್ತದೆ.

ಓದು ಮುಗಿದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು ಅಂದುಕೊಳ್ಳಿ. ಆಗ ಒಂದು ವ್ಯತ್ಯಾಸ ಗೊತ್ತಿರಬೇಕು. ಪ್ರಾಜೆಕ್ಟ್ ಗ್ರಾಂಟ್ ಬೇರೆ, ಫೆಲೋಶಿಪ್ ಬೇರೆ. ಪ್ರಾಜೆಕ್ಟ್ ಗ್ರಾಂಟ್ ಕೆಲಸಕ್ಕೆ ಬರುವ ದುಡ್ಡು: ಸಿಬ್ಬಂದಿ, ಯಂತ್ರ, ಓಡಾಟ, ಟೆಸ್ಟು. ಅದರಲ್ಲಿ ನಿಮ್ಮ ಸಂಬಳ ಇರುವುದಿಲ್ಲ. ಐಸಿಎಂಆರ್‌ನ ಸ್ಮಾಲ್ ಗ್ರಾಂಟ್ ಈಗ 2 ಕೋಟಿ ರೂಪಾಯಿವರೆಗೂ ಹೋಗುತ್ತದೆ, ಆದರೆ ಅರ್ಜಿ ಹಾಕುವವರಿಗೆ ಸಂಸ್ಥೆಯಲ್ಲಿ ಕಾಯಂ ನೌಕರಿ ಇರಬೇಕು. ದುಡ್ಡು ಕಂತಿನಲ್ಲಿ ಬರುತ್ತದೆ. ಖರ್ಚಿನ ಲೆಕ್ಕ ಒಪ್ಪಿಸುವ ಯುಟಿಲೈಸೇಶನ್ ಸರ್ಟಿಫಿಕೇಟ್ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಾಲೇಜಿನ ಅಕೌಂಟ್ಸ್ ವಿಭಾಗದವರನ್ನು ಮೊದಲ ದಿನದಿಂದ ಜೊತೆಗೆ ಕರೆದುಕೊಂಡು ಹೋಗಿ ಎಂದು ಹೇಳುವುದು ಇದಕ್ಕೇ.

ಫೆಲೋಶಿಪ್ ನಿಮಗೆ ಬರುವ ದುಡ್ಡು. ಅದರಲ್ಲಿ ಸಂಬಳವೂ ಸೇರಿರುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ ಇಂಡಿಯಾ ಅಲಯನ್ಸ್ ಇಂಥ ಫೆಲೋಶಿಪ್ ಕೊಡುತ್ತದೆ. ಹೊಸಬರಿಗೆ ಐದು ವರ್ಷದ್ದು. ಪಿಎಚ್‌ಡಿ ಇಲ್ಲದ ಎಂಡಿ ಡಾಕ್ಟರುಗಳೂ ಹಾಕಬಹುದು. ಪೈಪೋಟಿ ಬಹಳ, ಸಂದರ್ಶನ ಕಠಿಣ. ಆದರೂ ಹಾಕಿ. ಕಾಲೇಜಿನ ನೌಕರಿ ಬಿಡದೆ ಪಿಎಚ್‌ಡಿ ಮಾಡಲು ಐಸಿಎಂಆರ್‌ನ ಯುವ ಅಧ್ಯಾಪಕರ ಯೋಜನೆಯೂ ಇದೆ. ವಯಸ್ಸು, ಅರ್ಹತೆ, ಕೊನೆಯ ದಿನಾಂಕ ಆಗಾಗ ಬದಲಾಗುತ್ತಿರುತ್ತವೆ, ಹಾಗಾಗಿ ಆ ವರ್ಷದ ಪ್ರಕಟಣೆ ನೋಡಿಕೊಂಡೇ ಹೊರಡಿ.

ಇಷ್ಟೆಲ್ಲ ಇದ್ದೂ ನಮ್ಮ ಜಿಲ್ಲೆಯಿಂದ ಹೋಗುವ ಅರ್ಜಿ ಯಾಕೆ ಕಡಿಮೆ? ನಾನು ಕಂಡ ಹಾಗೆ, ಹೊಸ ಡಾಕ್ಟರಿಗೆ ಕೂತು ಬರೆಯುವ ಹೊತ್ತೇ ಇಲ್ಲ. ಬೆಳಗ್ಗೆ ಓಪಿಡಿ, ಮಧ್ಯಾಹ್ನ ವಾರ್ಡ್, ಆಮೇಲೆ ನೈಟ್ ಡ್ಯೂಟಿ. ಪಿಎಚ್‌ಸಿಯಲ್ಲಿ ಒಬ್ಬರೇ ಡಾಕ್ಟರಾದರೆ ಕೇಳುವುದೇ ಬೇಡ. ಪ್ರೊಪೋಸಲ್, ಅಂದರೆ ಗ್ರಾಂಟಿಗೆ ಹಾಕುವ ಅರ್ಜಿ, ರಾತ್ರಿ ಹನ್ನೊಂದರ ಮೇಲೆ ಬರೆಯುವ ಕೆಲಸವಾಗುತ್ತದೆ. ಅದು ಒಂದು ಸಲ ವಾಪಸ್ ಬಂದರೆ ತಿದ್ದಿ ಕಳಿಸುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ. ನಾನು ವಿಭಾಗದ ಮುಖ್ಯಸ್ಥರನ್ನು ಕೇಳಿಕೊಳ್ಳುವುದು ಇಷ್ಟೇ: ಆಸಕ್ತಿ ಇರುವ ಒಬ್ಬರಿಗೆ ವಾರಕ್ಕೆ ಅರ್ಧ ದಿನ ಡ್ಯೂಟಿ ಪಟ್ಟಿಯಿಂದ ಬಿಡುವು ಕೊಡಿ. ಬಾಯಿಮಾತಿನಲ್ಲಿ ಬೇಡ, ಪಟ್ಟಿಯಲ್ಲೇ ಬರೆದು ಕೊಡಿ. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಿಲ್ಲ.

ಬಡ್ತಿಗೆ ಇಷ್ಟು ಪೇಪರ್ ಬೇಕು ಎಂಬ ನಿಯಮವೂ ಹೊಸಬರ ಉತ್ಸಾಹವನ್ನು ತಪ್ಪು ದಾರಿಗೆ ಎಳೆಯುತ್ತಿದೆ. ದುಡ್ಡು ಕಟ್ಟಿದರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳು ಬೇಕಾದಷ್ಟಿವೆ. ಅಂಥ ಕಡೆ ಕಟ್ಟುವ ದುಡ್ಡಿನಲ್ಲಿ ಸಿದ್ದಾಪುರದ ಹಳ್ಳಿಗಳಿಗೆ ಎಷ್ಟೋ ಸಲ ಹೋಗಿ ಬರಬಹುದು.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ತೊಡಕಿದೆ. ಗಂಭೀರವಾದ ರೋಗಿ ನಮ್ಮಲ್ಲಿ ಉಳಿಯುವುದಿಲ್ಲ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ. ಕಾರವಾರದವರು ಗೋವಾಕ್ಕೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ದೊಡ್ಡ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿರುವುದು ಸುಮ್ನೆ ಅಲ್ಲ. ಸಂಶೋಧನೆ ಮಾಡುವವರಿಗೂ ಇದರ ಪೆಟ್ಟು ಬೀಳುತ್ತದೆ. ಜ್ವರ ಶುರುವಾದದ್ದು ನಮ್ಮ ರಿಜಿಸ್ಟರಿನಲ್ಲಿ, ಮುಗಿದದ್ದು ಬೇರೆ ಊರಿನ ಕೇಸ್ ಶೀಟಿನಲ್ಲಿ. ಬದುಕಿದರೋ ಇಲ್ಲವೋ ಎಂದು ತಿಳಿಯಲು ಫೋನ್ ಮಾಡಬೇಕು, ಆಶಾ ಕಾರ್ಯಕರ್ತೆಯರನ್ನು ಕೇಳಬೇಕು, ಮನೆಗೇ ಹೋಗಬೇಕು. ಪ್ರೊಪೋಸಲ್‌ನ ಬಜೆಟ್ಟಿನಲ್ಲಿ ಈ ಓಡಾಟಕ್ಕೆ ಧಾರಾಳವಾಗಿ ಬರೆಯಿರಿ. ಪರಿಶೀಲಿಸುವವರು ಕೇಳಿದರೆ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ರಸ್ತೆಯನ್ನೂ ಮಳೆಗಾಲವನ್ನೂ ವಿವರಿಸಿ ಹೇಳಿ. ನ್ಯಾಯವಾದ ಖರ್ಚು ಅದು.

ಹಿರಿಯರು ಇಲ್ಲವಲ್ಲ ಮೇಡಂ ಅನ್ನುವವರಿಗೆ: ಒಂದೇ ಕಟ್ಟಡದಲ್ಲಿ ಇರಬೇಕೆಂದೇನಿಲ್ಲ. ಬೆಳಗಾವಿಯಲ್ಲಿ ಐಸಿಎಂಆರ್‌ನದೇ ಸಂಸ್ಥೆ ಇದೆ, ಸಾಂಪ್ರದಾಯಿಕ ಔಷಧದ್ದು. ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಬರುವ ರೆಸಿಡೆನ್ಸಿ ಪದ್ಧತಿ ಬಂದ ಮೇಲೆ, ದೊಡ್ಡ ಕಾಲೇಜುಗಳ ಹುಡುಗ-ಹುಡುಗಿಯರು ನಮ್ಮ ಕಡೆಗೂ ಬರುತ್ತಾರೆ. ಅವರ ಗೈಡ್‌ಗಳ ಪರಿಚಯ ಮಾಡಿಕೊಳ್ಳಿ. ಅವರಿಗೆ ರೋಗಿಗಳ ವಿವರ ಬೇಕು, ನಮಗೆ ಕಲಿಸುವವರು ಬೇಕು. ಆದರೆ ಹೆಸರು ಹಾಕುವಾಗ ನಿಮ್ಮ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿ, ಬರೆದಿಟ್ಟುಕೊಳ್ಳಿ. ಜಿಲ್ಲೆಯ ಡಾಕ್ಟರ್ ಮಾಹಿತಿ ಕೂಡಿಸಿ ಕೊಟ್ಟು ಕೃತಜ್ಞತೆಯ ಸಾಲಿನಲ್ಲಿ ಉಳಿದುಹೋಗುವುದನ್ನು ನೋಡಿ ನನಗೆ ಸಾಕಾಗಿದೆ.

ಅಪ್ಪ-ಅಮ್ಮಂದಿರಿಗೆ ನಾನು ನೇರವಾಗಿ ಹೇಳುತ್ತೇನೆ. ಪ್ರಾಕ್ಟೀಸ್ ಮಾಡುವವರಷ್ಟು ಸಂಪಾದನೆ ಆಗುವುದಿಲ್ಲ. ಓದಿಗೆ ದೊಡ್ಡ ಸಾಲ ಮಾಡಿದ್ದರೆ ಮೊದಲ ಕೆಲವು ವರ್ಷ ಕಷ್ಟ. ಅದಕ್ಕೇ ಕಾಯಂ ನೌಕರಿ ಹಿಡಿದು, ಅದರ ಜೊತೆಗೇ ಸಂಶೋಧನೆ ಮಾಡುವ ದಾರಿಯನ್ನು ನಾನು ಹೆಚ್ಚಿನವರಿಗೆ ಸೂಚಿಸುವುದು. ರೋಗಿ ನೋಡುವುದನ್ನು ಯಾರೂ ಬಿಡಬೇಕಾಗಿಲ್ಲ, ಬಿಡಲೂ ಬಾರದು. ಪ್ರಶ್ನೆಗಳು ಹುಟ್ಟುವುದು ಓಪಿಡಿಯಲ್ಲೇ.

ಈಗ ಇಂಟರ್ನ್‌ಶಿಪ್‌ನಲ್ಲೋ ಪಿಎಚ್‌ಸಿಯಲ್ಲೋ ಇರುವವರು ಹೀಗೆ ಮಾಡಿ. ನಿಮ್ಮ ಓಪಿಡಿಯಲ್ಲಿ ಮತ್ತೆ ಮತ್ತೆ ಕಾಣುವ, ಪುಸ್ತಕದಲ್ಲಿ ಉತ್ತರ ಸಿಗದ ಒಂದು ವಿಷಯವನ್ನು ಒಂದೇ ಪುಟದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ. ಅದಕ್ಕೆ ಬೇಕಾದ ಲೆಕ್ಕ ಯಾವ ರಿಜಿಸ್ಟರಿನಲ್ಲಿದೆ ಎಂದೂ ಬರೆಯಿರಿ. ಅದನ್ನು ಹಿಡಿದುಕೊಂಡು ನಿಮ್ಮ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗಕ್ಕೆ ಹೋಗಿ. ನನ್ನ ಹತ್ತಿರ ಬಂದರೂ ಆಯಿತು, ಗ್ರಾಂಟಿನ ಫಾರಂ ಕೂತು ತುಂಬೋಣ.